ಘಾಟಿ ಇಳಿಯುವಾಗ ಮಾತ್ರ ಬ್ರೇಕ್ ಪೆಡಲ್ ಕೆಳಗೆ ಹೋಗುತ್ತೆ: ಮಾಸ್ಟರ್ ಸಿಲಿಂಡರ್ ಬದಲಿಸಲೇಬೇಕಾ?

ಬಣಕಲ್_ರಸ್ತೆ

ಗಾಡಿ 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 78,000 ಕಿಮೀ ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಮುಂದಿನ ಪ್ಯಾಡ್ 52,000ಕ್ಕೆ ಹಾಕಿಸಿದ್ದು. ಬ್ರೇಕ್ ಆಯಿಲ್ ಪೂರ್ತಿ ಬದಲಿಸಿದ ದಾಖಲೆ ಸರ್ವಿಸ್ ಪುಸ್ತಕದಲ್ಲಿ ಎಲ್ಲೂ ಸಿಗಲಿಲ್ಲ, ಟಾಪ್‌ಅಪ್ ಮಾಡಿದ್ದು ಮಾತ್ರ ಇದೆ.

ಐದು ಜನ, ಲಗೇಜ್ ಸಮೇತ ಚಾರ್ಮಾಡಿ ಇಳಿಯುವಾಗ ಅರ್ಧ ದಾರಿ ಕಳೆದ ಮೇಲೆ ಪೆಡಲ್ ಮೆತ್ತಗಾಗಿ ಮುಕ್ಕಾಲು ಪಾಲು ಕೆಳಗೆ ಹೋಗುತ್ತೆ. ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬರುತ್ತೆ. ಕೆಳಗೆ ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೇ ಗಟ್ಟಿ. ಎಡ ಮುಂದಿನ ಚಕ್ರದಲ್ಲಿ ಸುಟ್ಟ ವಾಸನೆ ಜಾಸ್ತಿ. ಬಯಲು ರಸ್ತೆಯಲ್ಲಿ ಯಾವ ತಕರಾರೂ ಇಲ್ಲ.

ಇನ್ನೊಂದು: ಇಂಜಿನ್ ಆಫ್ ಇದ್ದಾಗ ಪೆಡಲ್ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ಪೆಡಲ್ ಒಂದಿಷ್ಟು ಕೆಳಗೆ ಜಾರುತ್ತೆ. ಇದನ್ನೇ ನೋಡಿ ಗ್ಯಾರೇಜಿನವರು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಹೋಗಿದೆ, ಅಸೆಂಬ್ಲಿಯನ್ನೇ ಬದಲಿಸಿ ಅಂದರು.

1. ನಿಜಕ್ಕೂ ಮಾಸ್ಟರ್ ಸಿಲಿಂಡರಾ?
2. ಬ್ರೇಕ್ ಆಯಿಲ್ ತುಂಬುವ ಡಬ್ಬಿಯ (ರಿಸರ್ವಾಯರ್) ಮುಚ್ಚಳದ ಮೇಲೆ ಡಾಟ್ 3 ಅಂತ ಆಯಿಲ್‌ನ ದರ್ಜೆ ಇದೆ. ಡಾಟ್ 4 ಹಾಕಬಹುದಾ? 5.1 ಆದರೆ ಹೇಗೆ?
3. ಏರ್ ತೆಗೆಯುವಾಗ ಯಾವ ಚಕ್ರದಿಂದ ಶುರು ಮಾಡಬೇಕು? ಇಂಗ್ಲಿಷ್ ವಿಡಿಯೋಗಳಲ್ಲಿ ಬಲ ಹಿಂದಿನ ಚಕ್ರ ಮೊದಲು ಅನ್ನುತ್ತಾರೆ.

ಕೆಲಸ ನಾನೇ ಮಾಡುವವನು. ಸ್ಟ್ಯಾಂಡ್, ಟಾರ್ಕ್ ವ್ರೆಂಚ್ ಇದೆ.

---

ಹತ್ತು_ಎಂಎಂ

ಸ್ಟಾರ್ಟ್ ಮಾಡಿದಾಗ ಪೆಡಲ್ ಜಾರುವುದು ರೋಗವಲ್ಲ, ಆರೋಗ್ಯ. ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರ್‌ಗೆ ಇಂಜಿನ್ನಿನಿಂದ ವ್ಯಾಕ್ಯೂಮ್ ಸಿಕ್ಕಿ ಅದು ಕಾಲಿಗೆ ಜೊತೆಗೂಡುವ ಲಕ್ಷಣ ಅದು. ಜಾರದಿದ್ದರೆ ಚಿಂತೆ ಮಾಡಬೇಕಿತ್ತು. ಆ ಒಂದೇ ಪರೀಕ್ಷೆಯ ಮೇಲೆ ಮಾಸ್ಟರ್ ಸಿಲಿಂಡರ್ ಹೋಗಿದೆ ಅನ್ನಲು ಬರುವುದಿಲ್ಲ.

ಮಾಸ್ಟರ್ ಸಿಲಿಂಡರ್ ನೋಡುವ ಕ್ರಮ ಬೇರೆ. ಇಂಜಿನ್ ಓಡುತ್ತಿರಲಿ, ಗಾಡಿ ಸಮತಟ್ಟು ನೆಲದಲ್ಲಿರಲಿ. ಪೆಡಲನ್ನು ಜೋರಾಗಿ ಅಲ್ಲ, ಹಗುರವಾಗಿ, ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಾಗ ಒತ್ತುವಷ್ಟೇ ಒತ್ತಿ ಒಂದು ನಿಮಿಷ ಹಿಡಿಯಿರಿ. ಸವೆದ ಪ್ರೈಮರಿ ಸೀಲ್ ಜೋರಾಗಿ ಒತ್ತಿದರೆ ಅಗಲವಾಗಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ಹಗುರ ಒತ್ತಡದಲ್ಲೇ ಸೋರುತ್ತದೆ. ಹೊರಗೆ ಎಲ್ಲೂ ಹನಿ ಇಲ್ಲದೆ ಪೆಡಲ್ ನಿಧಾನವಾಗಿ ನೆಲದ ಕಡೆ ಇಳಿದರೆ ಒಳಗೆ ಆಯಿಲ್ ಸೀಲ್ ದಾಟಿ ಸೋರುತ್ತಿದೆ (ಬೈಪಾಸ್) ಅಂತ ಅರ್ಥ. ಜೊತೆಗೆ ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂರುವ ಜಾಗದ ಕೆಳಭಾಗಕ್ಕೆ ಬಿಳಿ ಬಟ್ಟೆ ಒತ್ತಿ ನೋಡಿ. ಹಿಂದಿನ ಸೀಲ್ ಸೋರಿದರೆ ಆಯಿಲ್ ನೆಲಕ್ಕೆ ಬೀಳುವುದಿಲ್ಲ, ಬೂಸ್ಟರ್ ಒಳಗೇ ಸೇರುತ್ತದೆ. ಲೆವೆಲ್ ಇಳಿಯುತ್ತಿರುತ್ತದೆ, ಸೋರಿಕೆ ಮಾತ್ರ ಕಾಣುವುದಿಲ್ಲ.

ಇನ್ನು ನಿಮ್ಮ ಲಕ್ಷಣ. ತಣ್ಣಗಿದ್ದಾಗ ಗಟ್ಟಿ, ಕಾದಾಗ ಮೆತ್ತಗೆ, ಆರಿದ ಮೇಲೆ ಮತ್ತೆ ಗಟ್ಟಿ. ಲೈನ್‌ನಲ್ಲಿ ಗಾಳಿ ಇದ್ದರೆ ಬೆಳಿಗ್ಗೆ ಮೊದಲ ಸಲ ಒತ್ತಿದಾಗಲೂ ಮೆತ್ತಗೇ ಇರುತ್ತದೆ. ಬರೀ ಕಾದಾಗ ಆಗುವುದಕ್ಕೆ ಕಾರಣ ಎರಡು.

ಒಂದು, ಆಯಿಲ್ ಕುದಿಯುವುದು. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಈಥರ್. ರಬ್ಬರ್ ಹೋಸ್‌ಗಳ ಮೂಲಕ, ಮುಚ್ಚಳದ ಗಾಳಿಕಿಂಡಿಯ ಮೂಲಕ ತೇವ ಹೀರುತ್ತದೆ. ಡಾಟ್ 3 ಹೊಸದಾಗಿ ಕನಿಷ್ಠ 205 ಡಿಗ್ರಿಗೆ ಕುದಿಯಬೇಕು; 3.7% ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಮಲೆನಾಡಿನ ಮಳೆ ತೇವದಲ್ಲಿ ವರ್ಷಗಟ್ಟಲೆ ಬದಲಿಸದ ಡಾಟ್ 3ರ ಸ್ಥಿತಿ ಹೇಗಿರುತ್ತದೆ ನೀವೇ ಊಹಿಸಿ. ಪೆಡಲ್ ಒತ್ತಿ ಹಿಡಿದಿರುವಷ್ಟು ಹೊತ್ತು ಒತ್ತಡದಿಂದಾಗಿ ಅದು ಕುದಿಯದೆ ಇರುತ್ತದೆ. ಕಾಲು ತೆಗೆದ ಕೂಡಲೇ ಒತ್ತಡ ಇಳಿದು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗೆ ಆವಿ ಏಳುತ್ತದೆ. ಮುಂದಿನ ತಿರುವಿನಲ್ಲಿ ಒತ್ತಿದಾಗ ಆ ಆವಿಯನ್ನು ಅಮುಕುವುದರಲ್ಲೇ ಪೆಡಲ್ ಮುಗಿದುಹೋಗುತ್ತದೆ.

ಇಷ್ಟು ಬಿಸಿ ಬರುವುದು ಎಲ್ಲಿಂದ ಅಂದರೆ ಲೆಕ್ಕ ಹಾಕಿ ನೋಡಿ. ಜನ, ಲಗೇಜ್ ಸೇರಿ 1,250 ಕೆಜಿಯ ಗಾಡಿ 500 ಮೀಟರ್ ಎತ್ತರ ಇಳಿದರೆ ಸುಮಾರು 61 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. 25 ಡಿಗ್ರಿಯ 19 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಎರಡನೇ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಇಂಜಿನ್ ನುಂಗುತ್ತದೆ. ನಾಲ್ಕನೇ ಗೇರಿನಲ್ಲೋ ನ್ಯೂಟ್ರಲ್‌ನಲ್ಲೋ ಇಳಿದರೆ ಹೆಚ್ಚಿನದೆಲ್ಲ ಬ್ರೇಕಿನ ತಲೆಗೇ, ಅದರಲ್ಲೂ ಮುಂದಿನ ಎರಡು ಡಿಸ್ಕಿಗೆ.

ಎರಡನೇ ಕಾರಣವನ್ನು ಬಹಳ ಜನ ಮರೆಯುತ್ತಾರೆ: ಹಿಂದಿನ ಡ್ರಮ್. 200 ಮಿಮೀ ಡ್ರಮ್ಮಿನ ಬಿಸಿ 200 ಡಿಗ್ರಿ ಏರಿದರೆ ಅದರ ವ್ಯಾಸ ಸುಮಾರು 0.4 ಮಿಮೀ ಹಿಗ್ಗುತ್ತದೆ. ಡ್ರಮ್ಮಿಗೆ ಒಳಗಿಂದ ಒತ್ತುವ ಶೂ ಮೊದಲೇ ದೂರ ಇದ್ದರೆ, ಅಂದರೆ ಅದನ್ನು ಡ್ರಮ್ಮಿನ ಹತ್ತಿರ ಇಡುವ ಅಡ್ಜಸ್ಟರ್ ಜಾಮ್ ಆಗಿದ್ದರೆ, ಈ ಹಿಗ್ಗುವಿಕೆಯೂ ಸೇರಿ ಪೆಡಲ್ ಕೆಳಗೆ ಹೋಗುತ್ತದೆ, ಪಂಪ್ ಮಾಡಿದರೆ ಮೇಲೆ ಬರುತ್ತದೆ. ಹ್ಯಾಂಡ್ ಬ್ರೇಕ್ ಎಷ್ಟು ಹಲ್ಲು ಮೇಲೆ ಬರುತ್ತದೆ ಎಣಿಸಿ. ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಇದ್ದರೆ ಶೂ ಕಡೆ ಅನುಮಾನ ಪಡಿ.

ಪೆಡಲ್ ಕಲ್ಲಿನಷ್ಟು ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಅದು ಪ್ಯಾಡ್ ಫೇಡ್ (ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುವುದು), ಇಲ್ಲವೇ ಬೂಸ್ಟರ್ ಅಥವಾ ಅದರ ಹೋಸಿನ ಚೆಕ್ ವಾಲ್ವ್ ತೊಂದರೆ. ನಿಮ್ಮದು ಹಾಗಲ್ಲ.

---

ಗೋಕುಲರೋಡ್_ಪಾನಾ

ಮ್ಯಾಲಿನವರು ಹೇಳಿದ್ದು ಖರೆ ಐತ್ರಿ. ಆದ್ರ ಎಡ ಮುಂದಿನ ಗಾಲಿ ಒಂದ ಜಾಸ್ತಿ ವಾಸನೆ ಬರ್ತೈತಿ ಅಂದ್ರಲ್ಲ, ನಾ ಮೊದಲ ಅದನ್ನ ಬಿಚ್ಚಿ ನೋಡ್ತೀನಿ. ಆಯಿಲ್ ಹಳೇದು ಇದ್ರ ನಾಲ್ಕೂ ಕಡೆ ಹಳೇದ. ಒಂದ ಗಾಲಿ ಯಾಕ ಕಾಯ್ತೈತಿ? ಅಲ್ಲಿ ಬ್ರೇಕ್ ಬಿಡವಲ್ದು.

ಗಾಲಿ ಬಿಚ್ಚಿದ ಕೂಡಲೇ ಒಳಗಿನ ಪ್ಯಾಡ್ ಎಷ್ಟು ಉಳದೈತಿ, ಹೊರಗಿಂದು ಎಷ್ಟು ಉಳದೈತಿ ಅಳತಿ ತಗೋರಿ. ಫ್ಲೋಟಿಂಗ್ ಕ್ಯಾಲಿಪರ್‌ನ್ಯಾಗ (ಸ್ಲೈಡ್ ಪಿನ್ ಮ್ಯಾಲೆ ಆಕಡಿ ಈಕಡಿ ಸರಿಯೂದು) ಎರಡೂ ಹೆಚ್ಚುಕಮ್ಮಿ ಸಮ ಸವೀಬೇಕು. ಒಳಗಿಂದು ಭಾಳ ಸವದಿದ್ರ ಸ್ಲೈಡ್ ಪಿನ್ ಹಿಡಕೊಂಡೈತಿ, ಇಲ್ಲಾ ಪಿಸ್ಟನ್ ವಾಪಸ್ ಸರಿಯವಲ್ದು. ಒಂದ ಪ್ಯಾಡ್ ಮ್ಯಾಲೆ ದಪ್ಪ ಕೆಳಗ ತೆಳು ಆಗಿದ್ರ ಎರಡರಾಗ ಒಂದು ಪಿನ್ ಜಾಮ್. ಲೈನಿಂಗ್ 3 ಮಿಮೀಗೆ ಬಂತಂದ್ರ ಬದಲಿ ಮಾಡ್ರಿ, 2ರ ತನಕ ಕಾಯಬ್ಯಾಡ್ರಿ, ಘಾಟಿ ಮಂದಿ ಅಂತೂ ಕಾಯಲೇಬಾರದು. ತೆಳು ಪ್ಯಾಡ್ ಬಿಸಿ ತಡಿಯೂದಿಲ್ಲ, ಸೀದಾ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ ಕೊಡ್ತೈತಿ.

ಪಿನ್ ಹೊರಗ ತಗದು ಬೆಳ್ಳಗ ಹೊಳಿಯೂಹಂಗ ಒರೆಸ್ರಿ. ತುಕ್ಕು ತಿಂದು ತಗ್ಗು ಬಿದ್ದಿದ್ರ ಹೊಸಾ ಪಿನ್, ಹೊಸಾ ಬೂಟ್. ಗ್ರೀಸ್ ವಿಷಯದಾಗ ಹುಷಾರ್‌ರಿ. ಬೇರಿಂಗ್ ಗ್ರೀಸ್ ಹಾಕಬ್ಯಾಡ್ರಿ. ಅದು ಪೆಟ್ರೋಲಿಯಂ ಮಾಲು, ಪಿನ್ನಿನ ರಬ್ಬರ್ ಉಬ್ಬಿ ಆರು ತಿಂಗಳದಾಗ ಮತ್ತ ಜಾಮ್ ಆಗ್ತೈತಿ. ಸಿಲಿಕೋನ್ ಬ್ರೇಕ್ ಗ್ರೀಸ್ ಅಂತ ಸಣ್ಣ ಪಾಕೀಟ್ ಬರ್ತೈತಿ, ಅದನ್ನ ತೆಳ್ಳಗ ಸವರ್ರಿ. ತುಂಬಾ ತುರುಕಿದ್ರ ಒಳಗ ಗಾಳಿ ಸಿಕ್ಕೊಂಡು ಪಿನ್ ಹೊರಗ ನೂಕ್ತೈತಿ.

ಪಿಸ್ಟನ್ ಒಳಗ ಒತ್ತೂ ಮೊದಲ ನಿಪ್ಪಲ್ (ಆಯಿಲ್, ಗಾಳಿ ಹೊರಗ ಬಿಡೂ ಸ್ಕ್ರೂ) ಸಡ್ಲ ಮಾಡಿ ಪೈಪ್ ಹಾಕಿ ಹಳೇ ಆಯಿಲ್ ಹೊರಗ ಬಿಡ್ರಿ. ಕ್ಯಾಲಿಪರ್ ತಳದಾಗಿನ ರಾಡಿ ವಾಪಸ್ ಮ್ಯಾಲೆ ಹೋಗಬಾರದು. ಸಿ ಕ್ಲ್ಯಾಂಪ್‌ನಿಂದ ನಿಧಾನಕ ಒತ್ರಿ. ಒತ್ತಿದ್ರೂ ಸರಿಯವಲ್ದು ಅಂದ್ರ ಪಿಸ್ಟನ್ ತುಕ್ಕು ಹಿಡದೈತಿ, ಸೀಲ್ ಕಿಟ್ ಜೊತಿಗೆ ಪಿಸ್ಟನ್ನೂ ತರಿಸ್ರಿ. ನಿಪ್ಪಲ್ ಸಡ್ಲ ಮಾಡಿದ ಮ್ಯಾಲೆ ಹಗುರ ಸರದ್ರ ತಪ್ಪು ಕ್ಯಾಲಿಪರ್‌ದಲ್ಲ, ರಬ್ಬರ್ ಹೋಸ್ ಒಳಗ ಕುಸಿದು ಒನ್‌ವೇ ಆಗಿರಬಹುದು. ಹೊರಗಿಂದ ಚೊಲೋ ಕಾಣ್ತೈತಿ, ಒಳಗಿನ ಪದರ ಹರದಿರ್ತೈತಿ. ಒತ್ತಿದಾಗ ಆಯಿಲ್ ಹೋಗ್ತೈತಿ, ಬಿಟ್ಟಾಗ ವಾಪಸ್ ಬರೂದಿಲ್ಲ.

ಡಿಸ್ಕಿನ ದಪ್ಪ ಮೈಕ್ರೋಮೀಟರ್‌ನಿಂದ ನಾಕಾರು ಕಡೆ ಅಳೀರಿ. ಕನಿಷ್ಠ ದಪ್ಪ ಡಿಸ್ಕಿನ ಮ್ಯಾಲೇ ಕೊರದಿರ್ತೈತಿ. ಅದಕ್ಕಿಂತ ಕಮ್ಮಿ ಆಗಿದ್ರ ಲೇತ್‌ಗೆ ಕೊಡಬ್ಯಾಡ್ರಿ, ಬದಲಿ ಮಾಡ್ರಿ. ತೆಳು ಡಿಸ್ಕ್ ಬಿಸಿ ಹಿಡಿಯೂ ಶಕ್ತಿನೂ ಕಮ್ಮಿ.

ಹಿಂದಿನ ಡ್ರಮ್ ಬರವಲ್ದು ಅಂದ್ರ ಸುತ್ತಿಗಿ ತಗೋಬ್ಯಾಡ್ರಿ. ಭಾಳ ಡ್ರಮ್ಮಿನ ಮುಖದಾಗ ಎರಡು ಥ್ರೆಡ್ ತೂತು ಇರ್ತಾವು, ಎಂ8 ಬೋಲ್ಟ್ ಎರಡೂ ಕಡೆ ಅಷ್ಟಷ್ಟ ತಿರುಗಿಸಿದ್ರ ತಾನ ಹೊರಗ ಬರ್ತೈತಿ. ಹ್ಯಾಂಡ್ ಬ್ರೇಕ್ ಬಿಟ್ಟಿರ್ರಿ, ಗಾಲಿಗೆ ಕಲ್ಲು ಕೊಟ್ಟಿರ್ರಿ. ಒಳಗಿನ ಧೂಳು ಏರ್‌ನಿಂದ ಊದಬ್ಯಾಡ್ರಿ, ಯಾವ ಲೈನರ್‌ನ್ಯಾಗ ಆಸ್‌ಬೆಸ್ಟಾಸ್ ಐತೋ ಯಾರಿಗೆ ಗೊತ್ತು. ಒದ್ದಿ ಮಾಡಿ ಒರೆಸ್ರಿ. ಶೂ ಹೊರಗ ಒತ್ತೂ ವೀಲ್ ಸಿಲಿಂಡರ್‌ನ ಎರಡೂ ತುದಿ ರಬ್ಬರ್ ಬೂಟ್ ಉಗುರಿನಿಂದ ಸ್ವಲ್ಪ ಎತ್ತಿ ನೋಡ್ರಿ. ಒಳಗ ಆಯಿಲ್ ಹನಿ ಕಂಡ್ರ ಸಿಲಿಂಡರ್ ಮುಗೀತು ಅಂತನ.

---

ಹತ್ತು_ಎಂಎಂ

ಡಾಟ್ 3 ಜಾಗಕ್ಕೆ ಡಾಟ್ 4 ಧಾರಾಳವಾಗಿ ಹಾಕಬಹುದು. ಎರಡೂ ಒಂದೇ ಕುಲದವು, ಬೆರೆತರೂ ರಬ್ಬರಿಗೆ ತೊಂದರೆಯಿಲ್ಲ. ಹಳೆಯದು ಉಳಿದಷ್ಟೂ ಲಾಭ ಕಮ್ಮಿ ಅಷ್ಟೇ. 5.1 ಕೂಡ ಹೊಂದುತ್ತದೆ. ಹೊಂದದೆ ಇರುವುದು ಬರೀ 5, ಅದು ಸಿಲಿಕೋನ್. ಅಂಗಡಿಯಲ್ಲಿ 5 ಮತ್ತು 5.1 ಒಂದೇ ಅನ್ನುವವರಿದ್ದಾರೆ, ನಂಬಬೇಡಿ. ಬಾಟಲಿಯ ಮೇಲೆ ಭಾರತೀಯ ಮಾನಕ ಐಎಸ್ 8654 ಗುರುತಿರಲಿ, ಸೀಲ್ ಒಡೆದಿರಬಾರದು. ಮನೆಯಲ್ಲಿ ಅರ್ಧ ಉಳಿದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಅದೂ ತೇವ ಕುಡಿದಿರುತ್ತದೆ.

---

ಕುಂದಾಪುರ_ಉಪ್ಪುಗಾಳಿ

ಮೂರನೇ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಹೇಳುತ್ತೇನೆ.

ವಿಡಿಯೋದವರ "ಬಲ ಹಿಂದಿನದು ಮೊದಲು" ಎಡಗಡೆ ಸ್ಟೀರಿಂಗ್ ಇರುವ ದೇಶಗಳ ಮಾತು. ಅಲ್ಲಿ ಮಾಸ್ಟರ್ ಸಿಲಿಂಡರ್ ಎಡಕ್ಕಿರುತ್ತದೆ, ಅದಕ್ಕೆ ಅತಿ ದೂರದ್ದು ಬಲ ಹಿಂದಿನ ಚಕ್ರ. ನಮ್ಮಲ್ಲಿ ಮಾಸ್ಟರ್ ಸಿಲಿಂಡರ್ ಬಲಕ್ಕಿದೆ, ಆದ್ದರಿಂದ ಅತಿ ದೂರದ್ದು ಎಡ ಹಿಂದಿನದು. ದೂರದಿಂದ ಹತ್ತಿರಕ್ಕೆ ಬರುವ ಹಳೆಯ ಕ್ರಮದಲ್ಲಿ ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಆದರೆ ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಸರ್ಕ್ಯೂಟ್ ಸಾಮಾನ್ಯವಾಗಿ ಕರ್ಣಾಕಾರ: ಎಡ ಹಿಂದಿನದೂ ಬಲ ಮುಂದಿನದೂ ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಒಂದು ಪೈಪ್ ಒಡೆದರೂ ಒಂದು ಮುಂದಿನ ಬ್ರೇಕ್ ಉಳಿಯಲಿ ಅಂತ ಈ ಏರ್ಪಾಡು. ಅಂಥದ್ದರಲ್ಲಿ ಎಡ ಹಿಂದೆ, ಬಲ ಮುಂದೆ, ಬಲ ಹಿಂದೆ, ಎಡ ಮುಂದೆ ಹೋದರೆ ಒಂದೊಂದು ಸರ್ಕ್ಯೂಟ್ ಪೂರ್ತಿ ಮುಗಿಯುತ್ತದೆ. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ಅನುಸರಿಸಿ.

ಸಿಸ್ಟಮ್‌ನಲ್ಲಿ ಇರುವುದು ಅರ್ಧ ಲೀಟರ್ ಆಸುಪಾಸು. ತೊಳೆದು ಹೊಸದು ತುಂಬಲು ಒಂದು ಲೀಟರ್, ಅಂದರೆ 500 ಮಿಲಿಯ ಎರಡು ಬಾಟಲಿ ತನ್ನಿ. ಮೊದಲು ಸಿರಿಂಜಿನಿಂದ ರಿಸರ್ವಾಯರ್‌ನ ಹಳೆಯದನ್ನು ಎಳೆದು ತೆಗೆಯಿರಿ, ತಳದ ಕೆಸರನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಹೊಸದು ತುಂಬಿ. ಹಳೆಯದನ್ನು ಅಲ್ಲೇ ಬಿಟ್ಟು ನಿಪ್ಪಲ್ ತೆರೆದರೆ ಆ ರಾಡಿಯನ್ನೇ ಎಲ್ಲಾ ಪೈಪಿಗೂ ಕಳಿಸಿದ ಹಾಗಾಯಿತು.

ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಮೊದಲು ಹಾಕಿ, ಆಮೇಲೆ ಪಾರದರ್ಶಕ ಪೈಪ್ (ಒಳ ಅಳತೆ ಸುಮಾರು 5 ಮಿಮೀ), ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಪೈಪ್ ನಿಪ್ಪಲ್‌ನಿಂದ ಮೊದಲು ಮೇಲಕ್ಕೆ ಹೋಗಿ ಆಮೇಲೆ ಕೆಳಗಿಳಿಯಲಿ, ಗುಳ್ಳೆ ವಾಪಸ್ ಬರುವುದಿಲ್ಲ. ಒಳಗೆ ಕೂತವರು ನಿಧಾನ ಒತ್ತಿ "ಹಿಡಿದೆ" ಅನ್ನಬೇಕು. ನೀವು ಕಾಲು ಸುತ್ತು ತೆರೆದು, ಹರಿವು ನಿಲ್ಲುವ ಮೊದಲೇ ಮುಚ್ಚಿ "ಬಿಡು" ಅನ್ನಬೇಕು. ಮುಚ್ಚುವ ಮೊದಲು ಅವರು ಕಾಲೆತ್ತಿದರೆ ಥ್ರೆಡ್ ಸಂದಿನಿಂದ ಗಾಳಿ ಒಳಗೆ ಹೋಗುತ್ತದೆ, ಮತ್ತೆ ಮೊದಲಿನಿಂದ. ಎಡ ಹಿಂದಿನದಕ್ಕೆ 200 ಮಿಲಿ, ಉಳಿದವಕ್ಕೆ 100ರಿಂದ 150 ಮಿಲಿ ಸಾಕು; ಬಣ್ಣ ತಿಳಿಯಾಗಿ ಗುಳ್ಳೆ ನಿಂತ ಮೇಲೆ ಇನ್ನು ನಾಲ್ಕು ಸಲ ತೆಗೆಯಿರಿ. ನಡುನಡುವೆ ರಿಸರ್ವಾಯರ್ ನೋಡುತ್ತಿರಿ. ಒಮ್ಮೆ ಖಾಲಿಯಾಗಿ ಗಾಳಿ ಎಳೆದರೆ ಮಾಸ್ಟರ್ ಸಿಲಿಂಡರ್‌ನ ಏರ್ ತೆಗೆಯುವ ಹೊಸ ಕೆಲಸ ಶುರು.

ಇದಕ್ಕಿಂತ ಮುಖ್ಯ: ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ನೆಲದ ತನಕ ಹೋಗಬಾರದು. ಇಷ್ಟು ವರ್ಷ ಪಿಸ್ಟನ್ ಓಡಾಡದ ಆ ಕೊನೆಯ ಭಾಗದಲ್ಲಿ ತುಕ್ಕೂ ಕೆಸರೂ ಕೂತಿರುತ್ತದೆ. ಸೀಲ್ ಅದರ ಮೇಲೆ ಉಜ್ಜಿದರೆ ಹರಿಯುತ್ತದೆ. "ಆಯಿಲ್ ಬದಲಿಸಿದ ಮೇಲೆ ಮಾಸ್ಟರ್ ಸಿಲಿಂಡರ್ ಹೋಯಿತು" ಅನ್ನುವ ದೂರುಗಳಲ್ಲಿ ಬಹುಪಾಲು ಹೀಗೆ ಮಾಡಿಕೊಂಡದ್ದೇ.

ನಿಪ್ಪಲ್ ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಸುತ್ತ ಹಗುರ ತಟ್ಟಿ, ಆರು ಮೂಲೆಯ ಸಾಕೆಟ್ಟಿನಿಂದಲೇ ಸಡಿಲಿಸಿ. ಹನ್ನೆರಡು ಮೂಲೆಯದು ಅಂಚನ್ನು ತಿನ್ನುತ್ತದೆ. ಬಿಗಿ ಮಾಡುವಾಗ 7ರಿಂದ 10 ಎನ್‌ಎಂ (ನ್ಯೂಟನ್ ಮೀಟರ್) ಅಷ್ಟೇ, ಟೊಳ್ಳು ಸ್ಕ್ರೂ ಅದು. ರಬ್ಬರ್ ಟೋಪಿ ಮರೆಯದೆ ಹಾಕಿ. ಪೇಂಟ್ ಮೇಲೆ ಆಯಿಲ್ ಬಿದ್ದರೆ ಒರೆಸುವುದಲ್ಲ, ಕೂಡಲೇ ನೀರು ಸುರಿಯಿರಿ.

---

ಬಣಕಲ್_ರಸ್ತೆ

ಎಲ್ಲ ಬಿಚ್ಚಿ ನೋಡಿದೆ. ಅಳತೆಗಳು ಹೀಗಿವೆ:

ಎಡ ಮುಂದೆ: ಒಳ ಪ್ಯಾಡ್ 2.8 ಮಿಮೀ, ಹೊರಗಿನದು 7 ಮಿಮೀ. ಕೆಳಗಿನ ಸ್ಲೈಡ್ ಪಿನ್ ಕೈಯಲ್ಲಿ ಅಲುಗುವುದೇ ಇಲ್ಲ, ಬೂಟ್ ಹರಿದಿದೆ. ಪಿಸ್ಟನ್ ಮಾತ್ರ ಸರಾಗ. ಬಲ ಮುಂದೆ ಎರಡೂ 6 ಮಿಮೀ ಆಸುಪಾಸು. ಡಿಸ್ಕ್ ಎರಡೂ ಕಡೆ ಕನಿಷ್ಠ ದಪ್ಪಕ್ಕಿಂತ 1 ಮಿಮೀಗೂ ಮೇಲಿದೆ.

ಬಲ ಹಿಂದೆ: ವೀಲ್ ಸಿಲಿಂಡರ್ ಬೂಟ್ ಒಳಗೆ ತೇವ ಇದೆ, ಶೂ ಮೇಲೆ ಇನ್ನೂ ಬಂದಿಲ್ಲ. ಎಡ ಹಿಂದೆ ಒಣಗಿದೆ. ಎರಡೂ ಕಡೆ ಅಡ್ಜಸ್ಟರ್ ಚಕ್ರ ಬಿಗಿ. ಹ್ಯಾಂಡ್ ಬ್ರೇಕ್ 11 ಹಲ್ಲು ಬರುತ್ತಿತ್ತು.

ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ. ಹಗುರ ಒತ್ತಿ ಒಂದು ನಿಮಿಷ ಹಿಡಿದಾಗ ಪೆಡಲ್ ಇಳಿಯಲಿಲ್ಲ.

ವೀಲ್ ಸಿಲಿಂಡರ್‌ಗೆ ರಬ್ಬರ್ ಕಿಟ್ ಮಾತ್ರ ಹಾಕಿದರೆ ಆಗುತ್ತಾ? ಒಂದೇ ಕಡೆ ಬದಲಿಸಿದರೆ ಸಾಕಾ?

---

ಗೋಕುಲರೋಡ್_ಪಾನಾ

ಮಾಸ್ಟರ್ ಸಿಲಿಂಡರ್ ಖರ್ಚು ಉಳೀತು ನೋಡ್ರಿ.

ಕಿಟ್ ಹಾಕೂದು ಹಳೇ ಕಾಲದ ಪದ್ಧತಿ. ಸಿಲಿಂಡರ್ ಒಳಗಿನ ಗೋಡಿ (ಬೋರ್) ಕನ್ನಡಿ ಹಂಗ ಇದ್ರ ಮಾತ್ರ ನಡೀತೈತಿ. ಸೋರೂ ಸಿಲಿಂಡರ್‌ನ್ಯಾಗ ಸಾಮಾನ್ಯ ತುಕ್ಕಿನ ತಗ್ಗು ಇದ್ದೇ ಇರ್ತಾವು, ಹೊಸಾ ರಬ್ಬರ್ ಅದರ ಮ್ಯಾಲೆ ನಾಕು ತಿಂಗಳು ಬಾಳೂದಿಲ್ಲ. ಪೂರ್ತಿ ಸಿಲಿಂಡರ್ ಹಾಕ್ರಿ, ಎರಡೂ ಕಡೆ ಹಾಕ್ರಿ. ಒಂದು ಸೋರಿತಂದ್ರ ಇನ್ನೊಂದೂ ಅದ ವಯಸ್ಸಿಂದು, ಅದ ಆಯಿಲ್ ಕುಡದದ್ದು. ಎರಡೂ ಬೋರ್ ಅಳತಿ ಒಂದ ಇರ್ಲಿ, ಬ್ಯಾರೆ ಆದ್ರ ಗಾಡಿ ಒಂದು ಕಡೆ ಎಳೀತೈತಿ.

ಬಿಚ್ಚೂವಾಗ ಮೊದಲ ಪೈಪಿನ ನಟ್ ಸಡ್ಲ ಮಾಡ್ರಿ, ಆಮ್ಯಾಲೆ ಸಿಲಿಂಡರ್ ಬೋಲ್ಟ್. ಉಲ್ಟಾ ಮಾಡಿದ್ರ ಸಿಲಿಂಡರ್ ತಿರುಗಿ ಪೈಪ್ ಮುರೀತೈತಿ. ಆ ನಟ್‌ಗೆ ಫ್ಲೇರ್ ನಟ್ ಸ್ಪ್ಯಾನರ್ ಬೇಕ ಬೇಕು, ಸಾದಾ ಓಪನ್ ಪಾನಾ ಹಚ್ಚಿದ್ರ ಮೂಲಿ ಹೋಗ್ತಾವು. ಹೊಸಾ ಸಿಲಿಂಡರ್‌ಗೆ ಪೈಪಿನ ನಟ್ ಕೈಯಿಂದ ನಾಕು ಸುತ್ತು ಹೋಗಬೇಕು, ಹೋದ ಮ್ಯಾಲೇ ಸಿಲಿಂಡರ್ ಬೋಲ್ಟ್ ಬಿಗಿ ಮಾಡ್ರಿ.

ಪೈಪ್ ಬಿಚ್ಚಿದಾಗ ಆಯಿಲ್ ಎಲ್ಲಾ ಸುರೀಬಾರದು ಅಂದ್ರ ಒಂದು ಉಪಾಯ ಐತಿ. ಪೆಡಲ್ 3-4 ಸೆಂಮೀ ಒತ್ತಿ ಸೀಟಿಗೆ ಕಟ್ಟಿಗಿ ಆನಿಸಿ ನಿಲ್ಲಿಸ್ರಿ. ಮಾಸ್ಟರ್ ಸಿಲಿಂಡರ್‌ನ ರಿಟರ್ನ್ ತೂತು ಮುಚ್ಚಕೋತಾವು, ರಿಸರ್ವಾಯರ್ ಖಾಲಿ ಆಗೂದಿಲ್ಲ. ಬ್ರೇಕ್ ಲೈಟ್ ಹತ್ತೇ ಇರ್ತೈತಿ, ಬ್ಯಾಟರಿ ಒಂದು ವಾಯರ್ ತಗದಿಡ್ರಿ.

ಅಡ್ಜಸ್ಟರ್ ಬಿಚ್ಚಿ ಥ್ರೆಡ್ ಬ್ರಷ್ ಹಾಕಿ ಸ್ವಚ್ಛ ಮಾಡ್ರಿ. ಎಡಾ ಬಲಾ ಅದಲು ಬದಲು ಮಾಡಬ್ಯಾಡ್ರಿ, ಥ್ರೆಡ್ ಉಲ್ಟಾ ಇರ್ತಾವು. ಅದಲುಬದಲು ಆದ್ರ ಅಡ್ಜಸ್ಟರ್ ಶೂ ದೂರ ಒಯ್ತೈತಿ. ಡ್ರಮ್ ಹಾಕಿದಾಗ ಲೈನರ್ ಸಣ್ಣಗ ತಾಗೂ ಸದ್ದು ಬರೂಹಂಗ ತಿರುಗಿಸಿ ಇಡ್ರಿ, ಗಾಲಿ ಕೈಯಿಂದ ತಿರುಗಬೇಕು. ಅದು ಆದ ಮ್ಯಾಲೇ ಹ್ಯಾಂಡ್ ಬ್ರೇಕ್ ಕೇಬಲ್. ಕೇಬಲ್ ಬಿಗಿ ಮಾಡಿ ಹಲ್ಲು ಕಮ್ಮಿ ತೋರಿಸೂದು ಮೋಸದ ಕೆಲಸ, ಶೂ ಎಲ್ಲಿತ್ತೋ ಅಲ್ಲೇ ಇರ್ತೈತಿ.

---

ಕುಂದಾಪುರ_ಉಪ್ಪುಗಾಳಿ

ನೀವು ಹೇಗೂ ಗಾಡಿಯ ಅಡಿಯಲ್ಲೇ ಇರುವಾಗ ಹಿಂದಿನ ಆಕ್ಸಲ್ ಮೇಲಿನ ಉಕ್ಕಿನ ಪೈಪನ್ನು ಕ್ಲಿಪ್ ಜಾಗದಲ್ಲಿ ಬಿಡಿಸಿ ನೋಡಿ. ಕೆಸರು ಕೂತು ತುಕ್ಕು ತಿನ್ನುವುದು ಕ್ಲಿಪ್ ಅಡಿಯಲ್ಲೇ. ಮೇಲ್ಮೈ ಬಣ್ಣ ಹೋಗಿದ್ದರೆ ಪರವಾಗಿಲ್ಲ, ಉಗುರಿಗೆ ತಗ್ಗು ಸಿಕ್ಕರೆ ಪೈಪ್ ಬದಲಿಸಿ. ಹೊಸ ತುಂಡು ಹಾಕಿದರೆ ಡಬಲ್ ಫ್ಲೇರ್ (ಪೈಪಿನ ತುದಿಯನ್ನು ಅಗಲಿಸಿ ಎರಡು ಪದರವಾಗಿ ಮಡಿಸುವುದು) ಆಗಬೇಕು. ಎಸಿ ಕೆಲಸದವರು ಬಳಸುವ ತಾಮ್ರದ ಪೈಪ್ ಅಥವಾ ಕಂಪ್ರೆಷನ್ ಜಾಯಿಂಟ್ ಯಾವ ಕಾರಣಕ್ಕೂ ಬೇಡ. ರಬ್ಬರ್ ಹೋಸ್ ಹನ್ನೊಂದನೇ ವರ್ಷದಲ್ಲಿದ್ದರೆ ಬಿರುಕು ಕಾಣದಿದ್ದರೂ ಎಲ್ಲವನ್ನೂ ಬದಲಿಸುವುದೇ ವಾಸಿ ಅನ್ನುವವನು ನಾನು. ಹೇಗೂ ಆಯಿಲ್ ತೆಗೆಯುತ್ತಿದ್ದೀರಿ.

---

ಯಶವಂತಪುರ_ಇಳಿಜಾರು

ಇಷ್ಟೆಲ್ಲ ಯಾಕೆ? ನೇರವಾಗಿ ಡಾಟ್ 5.1 ಹಾಕಿಬಿಟ್ಟರೆ 260 ಡಿಗ್ರಿ ತಡೆಯುತ್ತಲ್ಲ. ಮತ್ತೆ ಆಯಿಲ್ ಹಳತಾಗಿದೆಯಾ ನೋಡಲು ಪೆನ್ ಟೆಸ್ಟರ್ ಸಿಗುತ್ತೆ, ಹಸಿರು ಲೈಟ್ ಬಂದರೆ ಬದಲಿಸುವ ಅಗತ್ಯವೇ ಇಲ್ಲ.

---

ಹತ್ತು_ಎಂಎಂ

260 ಹೊಸ ಬಾಟಲಿಯ ಲೆಕ್ಕ. ತೇವ ಹೀರಿದ ಮೇಲೆ 5.1ರ ಮಿತಿಯೂ 180. ಡಾಟ್ 4ಕ್ಕಿಂತ 25 ಡಿಗ್ರಿ ಲಾಭ ನಿಜ, ಆದರೆ ಹಿಡಿದುಕೊಂಡ ಪಿನ್ ಆ ಲಾಭವನ್ನು ಎರಡು ತಿರುವಿನಲ್ಲಿ ತಿಂದುಹಾಕುತ್ತದೆ. ಪಿನ್ ಸರಿಯಾದ ಮೇಲೆ ಇಂಥ ಗಾಡಿಗೆ ಡಾಟ್ 4 ಸಾಕು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಷ್ಟೇ. 5.1 ಹಾಕಿ ನಾಲ್ಕು ವರ್ಷ ಮರೆಯುವುದಕ್ಕಿಂತ ಅದು ಮೇಲು.

ಪೆನ್ ಟೆಸ್ಟರ್ ಅಳೆಯುವುದು ವಿದ್ಯುತ್ ಹರಿಯುವ ಗುಣವನ್ನು, ನೀರನ್ನಲ್ಲ. ಆಯಿಲ್‌ನ ಬ್ರ್ಯಾಂಡ್, ಅದರ ಅಡಿಟಿವ್ ಬದಲಾದರೆ ಅದರ ಓದೂ ಬದಲಾಗುತ್ತದೆ. ಕೆಂಪು ಬಂದರೆ ಬದಲಿಸಿ, ಹಸಿರು ಬಂದಿತು ಅಂತ ಬಿಡಬೇಡಿ. ಅದೂ ಅಲ್ಲದೆ ನೀವು ಅದ್ದುವುದು ರಿಸರ್ವಾಯರ್‌ನಲ್ಲಿ, ಟಾಪ್‌ಅಪ್ ಆಗಿ ಹೊಸದಾಗಿರುವ ಜಾಗದಲ್ಲಿ. ಕುದಿಯುವುದು ಕ್ಯಾಲಿಪರ್‌ನಲ್ಲಿ. ಆಯಿಲ್ ಕಾಯಿಸಿ ಕುದಿಬಿಂದು ಅಳೆಯುವ ಯಂತ್ರವಾದರೆ ನಂಬಬಹುದು, ಆದರೆ ಅದರ ಬೆಲೆಗೆ ಎಷ್ಟೋ ವರ್ಷದ ಆಯಿಲ್ ಬರುತ್ತದೆ.

ಬಣಕಲ್‌ನವರೇ, ಮುಂದಿನ ಪ್ಯಾಡ್ ನಾಲ್ಕೂ ಹೊಸದು ಹಾಕಿ, ಒಂದು ಕಡೆಯದ್ದಷ್ಟೇ ಅಲ್ಲ. ಪ್ಯಾಡ್ ಹಾಕುವ ಮೊದಲು ರಿಸರ್ವಾಯರ್ ತುಂಬಿಸಬೇಡಿ. ಪಿಸ್ಟನ್ ಒಳಗೆ ಒತ್ತಿದಾಗ ಉಕ್ಕುತ್ತದೆ. ಪ್ಯಾಡ್ ಸವೆದಂತೆ ಲೆವೆಲ್ ಇಳಿಯುವುದು ಸಹಜ. ಅದನ್ನು ಟಾಪ್‌ಅಪ್ ಮಾಡುತ್ತಾ ಹೋದರೆ ಪ್ಯಾಡ್ ಸವೆದ ಸುದ್ದಿಯನ್ನೂ, ವೀಲ್ ಸಿಲಿಂಡರ್ ಸೋರುವ ಸುದ್ದಿಯನ್ನೂ ಮುಚ್ಚಿಟ್ಟ ಹಾಗೆ. ನಿಮ್ಮ ಸರ್ವಿಸ್ ಪುಸ್ತಕದಲ್ಲಿ ಆಗಿರುವುದು ಅದೇ ಇರಬೇಕು.

ಎಲ್ಲ ಜೋಡಿಸಿದ ಮೇಲೆ ಗಾಡಿ ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒತ್ತು ಪೂರ್ತಿ ಖಾಲಿ ಹೋಗುತ್ತದೆ. ಗೇಟಿಗೆ ಗುದ್ದುವುದು ಆಗಲೇ. ಇಂಜಿನ್ ಓಡುತ್ತಿರುವಾಗ ಜೋರಾಗಿ ಒತ್ತಿ ಹಿಡಿದು, ಇನ್ನೊಬ್ಬರು ಟಾರ್ಚ್ ಹಿಡಿದು ಬಿಚ್ಚಿದ ಪ್ರತಿ ಜಾಯಿಂಟನ್ನೂ ನೋಡಲಿ. ಚಕ್ರದ ನಟ್ ಅಡ್ಡಾದಿಡ್ಡಿ ಕ್ರಮದಲ್ಲಿ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಹಬ್ ಮುಖದ ತುಕ್ಕು ಕೆರೆಯದೆ ಡಿಸ್ಕ್ ಕೂರಿಸಿದರೆ, ನಟ್ ಹೆಚ್ಚುಕಮ್ಮಿ ಬಿಗಿಯಾದರೆ, ಕೆಲ ಸಾವಿರ ಕಿಮೀ ಆದ ಮೇಲೆ ಪೆಡಲ್ ನಡುಗಲು ಶುರುವಾಗುತ್ತದೆ.

ಪ್ಯಾಡ್ ಕೂರಿಸಲು ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಎಂಟು ಹತ್ತು ಸಲ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುವೆ ಅರ್ಧ ಕಿಮೀ ಓಡಿಸುತ್ತಾ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ಮನೆಗೆ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಮುಂದಿನೆರಡು ಒಂದೇ ಸಮ ಬಿಸಿ ಇರಬೇಕು.

---

ಸಕಲೇಶಪುರ_ಎರಡನೇಗೇರ್

ಒಂದು ಸಣ್ಣ ಸೇರಿಕೆ. ಇದೇ ಕೆಲಸವನ್ನು ಎಬಿಎಸ್ ಇರುವ ಗಾಡಿಗೆ ಮಾಡುವವರಿಗೆ (2019ರ ಏಪ್ರಿಲ್ ನಂತರದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ): ಬರೀ ಆಯಿಲ್ ಬದಲಿಸುವುದಾದರೆ ಮೇಲಿನ ಕ್ರಮವೇ ಸಾಕು. ರಿಸರ್ವಾಯರ್ ಖಾಲಿಯಾಗಿ ಎಬಿಎಸ್ ಬ್ಲಾಕ್ ಒಳಗೆ ಗಾಳಿ ಹೊಕ್ಕರೆ ಕೈಯಿಂದ ಬರುವುದು ಕಷ್ಟ. ಸ್ಕ್ಯಾನರ್ ಹಚ್ಚಿ ಅದರ ಪಂಪ್, ವಾಲ್ವ್ ಓಡಿಸಿ ತೆಗೆಯಬೇಕಾಗುತ್ತದೆ. ಕ್ಲಚ್ ಹೈಡ್ರಾಲಿಕ್ ಆಗಿದ್ದು ಅದೇ ರಿಸರ್ವಾಯರ್ ಬಳಸುತ್ತಿದ್ದರೆ ಅದರ ನಿಪ್ಪಲ್‌ನಿಂದಲೂ ಹಳೆಯದನ್ನು ತೆಗೆಯಿರಿ.

ಮತ್ತೆ ಘಾಟಿಯಲ್ಲಿ ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡುವವರಿಗೆ: ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಗೇರಿನಲ್ಲಿ ಕಾಲೆತ್ತಿ ಇಳಿದರೆ ಇಂಜೆಕ್ಷನ್ ಇಂಜಿನ್ ಹೇಗೂ ಪೆಟ್ರೋಲ್ ನಿಲ್ಲಿಸಿರುತ್ತದೆ, ಉಳಿತಾಯವೂ ಇಲ್ಲ.

---

ಬಣಕಲ್_ರಸ್ತೆ

ತರಬೇಕಾದ್ದು: ಪ್ಯಾಡ್ ಒಂದು ಸೆಟ್, ಸ್ಲೈಡ್ ಪಿನ್ ಮತ್ತು ಬೂಟ್ ಎರಡೂ ಕಡೆಗೆ, ವೀಲ್ ಸಿಲಿಂಡರ್ 2, ರಬ್ಬರ್ ಹೋಸ್ ಎಲ್ಲ, ಡಾಟ್ 4 ಒಂದು ಲೀಟರ್, ಸಿಲಿಕೋನ್ ಗ್ರೀಸ್. ಶೂ ಲೈನರ್ 3 ಮಿಮೀ ಇದೆ, ಸದ್ಯಕ್ಕೆ ಹಾಗೇ ಬಿಡಲಾ?

---

ಗೋಕುಲರೋಡ್_ಪಾನಾ

3 ಐತಿ, ಆಯಿಲ್ ತಾಗಿಲ್ಲ ಅಂದ್ರ ಬಿಡ್ರಿ. ಮ್ಯಾಲೆ ಗಾಜಿನಂಗ ಹೊಳಪು ಬಂದಿದ್ರ 80 ನಂಬರ್ ಸ್ಯಾಂಡ್‌ಪೇಪರ್‌ನಿಂದ ಹಗುರ ಕೆರೀರಿ, ಧೂಳು ಮೂಗಿಗೆ ಹೋಗದಂಗ ಮಾಸ್ಕ್ ಹಾಕ್ಕೋರಿ. ಸಿಲಿಂಡರ್ ಬದಲಿ ಮಾಡೂವಾಗ ಒಂದು ಹನಿ ಲೈನರ್ ಮ್ಯಾಲೆ ಬಿತ್ತಂದ್ರ ಮಾತ್ರ ತೊಳದು ಹಾಕಬ್ಯಾಡ್ರಿ. ಒಳಗ ಇಳದದ್ದು ಬಿಸಿ ಆದಾಗ ಮತ್ತ ಹೊರಗ ಬರ್ತೈತಿ. ಆವಾಗ ಎರಡೂ ಗಾಲಿದು ಶೂ ಸೆಟ್ ಬದಲಿ.